ತಾಕಿಸ್ ಬೆಟ್ಟ ಹತ್ತಿದ ಬೇಸಿಗೆ

ಟಿನ್‌ಕೆಟಲ್‌ಗೆ ಬೇಸಿಗೆ ಬಂತೆಂದು ತಿಳಿಯಲು ಯಾರೂ ಕ್ಯಾಲೆಂಡರ್ ನೋಡುವುದಿಲ್ಲ. ಭೂಮಿಯ ಈ ದಕ್ಷಿಣ ಮಗ್ಗುಲಲ್ಲಿ ನವೆಂಬರ್ ಮುಗಿಯುತ್ತಿದ್ದಂತೆ ಜನ ಕಾರಿನ ಸ್ಟೀರಿಂಗಿಗೆ ಒದ್ದೆ ಟವೆಲ್ ಸುತ್ತಲು ಶುರುಮಾಡುತ್ತಾರೆ. ನಾಯಿಗಳು ಬೀದಿ ಬಿಟ್ಟು ಗವಿಮನೆಗಳ ಬಾಗಿಲಲ್ಲಿ ಬಂದು ಬೀಳುತ್ತವೆ. ಆಮೇಲೆ ಒಬ್ಬೊಬ್ಬರೇ ಊರು ಬಿಡುತ್ತಾರೆ. ದುಡ್ಡಿದ್ದವರು ಸಮುದ್ರದ ಕಡೆಗೆ, ಅಷ್ಟಿಲ್ಲದವರು ಬೆಟ್ಟದ ಕಡೆಗೆ. ಏನೂ ಇಲ್ಲದವರು ಗುಡ್ಡದೊಳಗೆ ಇನ್ನೊಂದು ಕೋಣೆ ಕೊರೆದುಕೊಂಡು ಅದರೊಳಗೆ ಸೇರಿಕೊಳ್ಳುತ್ತಾರೆ.

ನಾನು ಬೆರಿಲ್, ಈ ಊರಿಗೆ ಲಾರಿಯಲ್ಲಿ ನೀರು ತಂದು ಹಾಕುವವಳು. ಊರು ಬಿಡುವವರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಹೋಗುವಾಗ ಬೆಕ್ಕು, ಗಿಳಿ, ಹೂಕುಂಡ ಎಲ್ಲವನ್ನೂ ನಮ್ಮಂಥವರ ತಲೆಗೆ ಕಟ್ಟಿ ಹೋಗುತ್ತಾರೆ. ಮಾರ್ಚಿನಲ್ಲಿ ಕೆನ್ನೆ ತುಂಬಿಕೊಂಡು ವಾಪಸ್ಸು ಬಂದು, ಬಸ್ಸಿನಿಂದ ಎರಡನೇ ಕಾಲು ಇಳಿಸುವ ಮೊದಲೇ, "ಅಬ್ಬಬ್ಬಾ, ಇನ್ನೂ ಇಷ್ಟು ಸೆಕೆನಾ!" ಎನ್ನುತ್ತಾರೆ. ಬಿಸಿಲೇನು ಇವರಪ್ಪನ ಮನೆಯ ಆಳೇ, ಇವರು ಬರುವ ಹೊತ್ತಿಗೆ ಎದ್ದು ಹೋಗಲಿಕ್ಕೆ?

ತಾಕಿಸ್ ಮಾತ್ರ ಎಂದೂ ಊರು ಬಿಟ್ಟವನಲ್ಲ. ಅದಕ್ಕೇ ಅವನ ಮೇಲೆ ನನಗೆ ಪ್ರೀತಿ. ಅದಕ್ಕೇ ಅವನ ಮೇಲೆ ಅಷ್ಟೇ ಸಿಟ್ಟು ಬಂದದ್ದೂ ಉಂಟು.

ಗ್ರೀಸಿನ ಯಾವುದೋ ನಿಂಬೆತೋಟಗಳ ಹಳ್ಳಿಯಿಂದ ಚಿಕ್ಕ ವಯಸ್ಸಿನಲ್ಲಿ ಬಂದವನು. ಒಂದು ಒಳ್ಳೆಯ ಓಪಲ್ ರತ್ನ ಸಿಕ್ಕಿದರೆ ಸಾಕು, ವಾಪಸ್ಸು ಹೋಗಿ ತೋಟ ಕೊಳ್ಳುತ್ತೇನೆ ಅಂದುಕೊಂಡು ಅಗೆಯಲು ಶುರುಮಾಡಿದ. ಅಗೆಯುತ್ತ ಅಗೆಯುತ್ತ ಮೀಸೆ ಬಂತು, ಮೀಸೆ ಬೆಳ್ಳಗಾಯಿತು. ಆದರೆ ಅದು ಬೆಳ್ಳಗಾದದ್ದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಅದರ ಮೇಲೆ ಸದಾ ಗುಂಡಿಯ ಗುಲಾಬಿ ಧೂಳು ಕೂತಿರುತ್ತಿತ್ತು. ಕುಳ್ಳ, ಬಿಲ್ಲಿನ ಹಾಗೆ ಬಾಗಿದ ಕಾಲು, ನಕ್ಕರೆ ಎದುರಿನವನ ಕಾಫಿ ಚೆಲ್ಲಬೇಕು ಅಂಥ ನಗು. ಬೆಟ್ಟ ಅಗೆದು ಇಲಿ ಹಿಡಿದ ಅನ್ನುತ್ತಾರಲ್ಲ, ಇವನಿಗೆ ಇಲಿಯೂ ಸರಿಯಾಗಿ ಸಿಕ್ಕಿರಲಿಲ್ಲ. ಆಗೊಂದು ಈಗೊಂದು ಚೂರು ಸಿಕ್ಕಿ ಹಿಟ್ಟು, ಎಣ್ಣೆ, ಡೀಸೆಲ್ಲಿಗೆ ಸರಿಹೋಗುತ್ತಿತ್ತು.

ಓಪಲ್ ಬಿಟ್ಟರೆ ಅವನಿಗೆ ಇದ್ದ ಹುಚ್ಚು ಒಂದೇ, ಗೋಡೆ ಕೊರೆಯುವುದು. ಗವಿಮನೆಯಲ್ಲಿ ಏನು ಬೇಕಾದರೂ ಗೋಡೆಯಲ್ಲೇ ಇದೆ, ಕಲ್ಲು ತೆಗೆದರೆ ಸಿಗುತ್ತದೆ. ತಾಕಿಸನ ಮನೆಯಲ್ಲಿ ಕಾಫಿ ಪಾತ್ರೆಗೊಂದು ಗೂಡು, ಟೋಪಿಗೊಂದು ಗೂಡು, ಸಂತರ ಪಟಕ್ಕೊಂದು ಗೂಡು, ಪಾಷಾ ಎಂಬ ಬೆಕ್ಕಿಗೊಂದು ಗೂಡು. ಹೆಂಡತಿ "ಈ ಕತ್ತರಿ ಎಲ್ಲಿಡ್ಲಿ?" ಅಂದರೆ ಸಾಕು, ಉಳಿ ಸುತ್ತಿಗೆ ತಗೊಂಡು ಎದ್ದುಬಿಡುತ್ತಿದ್ದ. ಒಂದು ಚಳಿಗಾಲ ಹೊಸ ಕೋಣೆ ತೆಗೆಯುತ್ತ ತೆಗೆಯುತ್ತ ಪಕ್ಕದ ಲಾಟ್ಸಿಯ ಮಲಗುವ ಮನೆಗೇ ನುಗ್ಗಿಬಿಟ್ಟ. ಲಾಟ್ಸಿ ಹಂಗೇರಿಯವನು, ಮೂರು ಮಕ್ಕಳ ತಂದೆ, ಮೆತ್ತನೆ ಮನುಷ್ಯ. ತಾಕಿಸ್ ಆ ತೂತಿನಿಂದ ಕೈ ಚಾಚಿ, "ನಮಸ್ಕಾರ, ಕಾಫಿ ಇದ್ಯಾ?" ಅಂದನಂತೆ. ಲಾಟ್ಸಿ ಕೈಕುಲುಕಿ ಕಾಫಿ ಕೊಟ್ಟನಂತೆ. ನಮ್ಮೂರಲ್ಲಿ ಇದೇನು ಜಗಳದ ವಿಷಯವಲ್ಲ. ಆ ತೂತು ಮುಚ್ಚಲೂ ಇಲ್ಲ, ಇವತ್ತಿಗೂ ಅದರಲ್ಲಿ ಉಪ್ಪು, ಸಕ್ಕರೆ ಓಡಾಡುತ್ತವೆ.

ಹೆಂಡತಿಯ ಹೆಸರು ದೆಸ್ಪಿನಾ. ಗಂಡನಿಗಿಂತ ಗೇಣುದ್ದ ಎತ್ತರ, ಮಾತು ಕಡ್ಡಿ ಮುರಿದ ಹಾಗೆ. ಗ್ರೀಕ್ ಕ್ಲಬ್ಬಿನ ಅಡುಗೆಮನೆ ಅವಳದೇ ರಾಜ್ಯ. ಮಕ್ಕಳಾಗಲಿಲ್ಲ. ಆ ಮಾತನ್ನು ಅವರು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಒಂದು ಬೇಸಿಗೆ ಒಲೆಯ ಮುಂದೆಯೇ ಕುಸಿದು ಬಿದ್ದಳು. ಇನ್ನು ಮೇಲೆ ಈ ತಿಂಗಳುಗಳಲ್ಲಿ ಇಲ್ಲಿರಬೇಡ ಎಂದು ಡಾಕ್ಟರು ಹೇಳಿದರು. ಅಂದಿನಿಂದ ಪ್ರತಿ ನವೆಂಬರಿಗೆ ಅವಳು ಹೆರನ್ಸ್ ಗ್ಯಾಪಿಗೆ ಹೋಗುತ್ತಾಳೆ. ಅದು ಬೆಟ್ಟದ ಮಡಿಲಿನ ಸಣ್ಣ ಊರು, ಬಸ್ಸಿನಲ್ಲಿ ಒಂದಿಡೀ ರಾತ್ರಿ, ಮೇಲೆ ಅರ್ಧ ದಿನದ ದಾರಿ. ಅಲ್ಲಿ ಮಿಸೆಸ್ ಟ್ರೆಲೋರ್ ಎಂಬ ವಿಧವೆಯ ಹಳೇ ಕಲ್ಲಿನ ಮನೆಯಲ್ಲಿ ಒಂದು ಬಾಡಿಗೆ ಕೋಣೆ. ಈಸ್ಟರ್ ಹೊತ್ತಿಗೆ ವಾಪಸ್ಸು.

ಭಾನುವಾರ ಭಾನುವಾರ ತಾಕಿಸ್ ಕ್ಲಬ್ಬಿನ ಫೋನಿನಲ್ಲಿ ಮಾತಾಡುತ್ತಿದ್ದ. ಬೆಟ್ಟದವರೆಗೆ ಫೋನಿಲ್ಲದೆಯೂ ಕೇಳಿಸುವ ಹಾಗೆ ಕೂಗುತ್ತಿದ್ದ.

"ಉಂಡಿದ್ದಾಯ್ತು! ಮೊಟ್ಟೆ! ಹೂಂ, ಮತ್ತೆ ಮೊಟ್ಟೇನೇ! ಏನು? ಪ್ಲಮ್ ಹಣ್ಣಾ? ತಿನ್ನು ತಿನ್ನು, ನನಗೂ ಸೇರಿಸಿ ತಿನ್ನು!"

ಇಟ್ಟ ಮೇಲೆ ಸ್ವಲ್ಪ ಹೊತ್ತು ಫೋನಿನ ಮೇಲೆ ಕೈಯಿಟ್ಟುಕೊಂಡೇ ನಿಂತಿರುತ್ತಿದ್ದ. ಇಷ್ಟು ಆಸೆಯಿದ್ದವನು ಹೋಗಿ ಬರಬಾರದೇ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು: "ಹೋದ್ರೆ ಬೂಟು ಬೀಳತ್ತೆ ಕಣೇ."

ಅದು ಸುಳ್ಳಲ್ಲ. ಇಲ್ಲಿ ನಾಲ್ಕು ಗೂಟ ನೆಟ್ಟವನದೇ ಜಾಗ, ಆದರೆ ಅವನು ಅಗೆಯುತ್ತಿರಬೇಕು. ಗುಂಡಿ ಖಾಲಿ ಬಿದ್ದರೆ ಬೇರೆಯವನು ಬಂದು ಗೂಟಕ್ಕೊಂದು ಹಳೇ ಬೂಟು ತೂಗುಹಾಕಬಹುದು. ಮಾರನೇ ದಿನ ಸೂರ್ಯ ಮುಳುಗುವುದರೊಳಗೆ ಗೂಟದ ಯಜಮಾನ ತಾನೇ ಬಂದು, ತನ್ನ ಕೈಯಾರೆ ಅದನ್ನು ತೆಗೆದು ಬಿಸಾಕಬೇಕು. ತೆಗೆದನೋ, ಜಾಗ ಅವನದೇ. ಇಲ್ಲವೋ, ಬೂಟಿನವನದು. ಕಾಗದದ ಕಾನೂನು ಬೇರೆ ಏನೋ ಇದೆ, ಟಿನ್‌ಕೆಟಲ್ ನಡೆಯುವುದು ಬೂಟಿನ ಕಾನೂನಿನ ಮೇಲೆ.

ಆದರೂ ಹತ್ತು ಬೇಸಿಗೆ ಹೀಗೇ ಕಳೆದರೆ ಯಾವ ಹೆಂಡತಿ ಸುಮ್ಮನಿದ್ದಾಳು? ಆ ವರ್ಷ ಬಸ್ಸಿನ ಹತ್ತಿರ ನಾನೂ ಇದ್ದೆ, ಅವಳ ಪೆಟ್ಟಿಗೆ ನನ್ನ ಲಾರಿಯಲ್ಲೇ ಬಂದಿತ್ತು. ದೆಸ್ಪಿನಾ ಮೆಟ್ಟಿಲ ಮೇಲೆ ನಿಂತು ತಿರುಗಿದಳು.

"ತಾಕಿಸ್, ಕೇಳು. ಕ್ರಿಸ್ಮಸ್‌ಗೆ ನೀನು ಮೇಲಕ್ಕೆ ಬರ್ಲಿಲ್ಲ ಅಂದ್ರೆ, ಈಸ್ಟರ್‌ಗೆ ನಾನು ಕೆಳಕ್ಕೆ ಬರೋದಿಲ್ಲ."

"ಆಯ್ತು ಆಯ್ತು, ನೋಡೋಣ."

"ನೋಡೋಣ ಅಲ್ಲ. ಹೇಳಿದೀನಿ. ಬೆರಿಲ್, ನೀನೂ ಕೇಳಿಸ್ಕೊಂಡ್ಯಲ್ಲ?"

ಕೇಳಿಸಿಕೊಂಡೆ. ಅದು ಸಿಟ್ಟಿನ ದನಿಯಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಅವಳು ಸಿಟ್ಟಿಲ್ಲದೆ ಹೇಳಿದಳು. ನನಗೆ ಹೆದರಿಕೆಯಾಯಿತು.

ತಾಕಿಸನಿಗೆ ಆಗಲಿಲ್ಲ, ಅಥವಾ ತೋರಿಸಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ನೀರಿನ ತೊಟ್ಟಿ ತುಂಬಿಸಲು ಹೋದಾಗ ಗುಂಡಿಯಿಂದ ಓಡಿಬಂದ. ಓಡುವಂಥ ಬಿಸಿಲಲ್ಲ ಅದು. ಮುಷ್ಟಿ ಬಿಚ್ಚಿದ, ಒಳಗೆ ಉಗುರಿನಷ್ಟು ಕಲ್ಲಿನ ಚೂರು. ನಾಲಗೆಯಲ್ಲಿ ನೆಕ್ಕಿ ಬಿಸಿಲಿಗೆ ಹಿಡಿದ. ಒಳಗೆ ಹಸಿರು ಒಂದು ಸಲ ಹೊಳೆಯಿತು, ಅದರ ಹಿಂದೆ ಕೆಂಪು.

"ಗೋಡೆ ಉದ್ದಕ್ಕೂ ಎಳೆ ಹೋಗಿದೆ ಬೆರಿಲ್! ಇಷ್ಟು ವರ್ಷ ಬರೀ ಬೂದಿ ಬಣ್ಣ. ಈಗ ಬಣ್ಣ ಕಾಣ್ತಿದೆ! ಇನ್ನೊಂದು ತಿಂಗಳು ಅಗೆದ್ರೆ..."

"ಕ್ರಿಸ್ಮಸ್ಸಿಗೆ ಎಷ್ಟು ದಿನ ಇದೆ ಗೊತ್ತಾ ನಿಂಗೆ?"

"ಅದೇ ಹೇಳ್ತಿರೋದು. ಈಗ ಹೇಗೆ ಬಿಟ್ಟು ಹೋಗ್ಲಿ? ಕಲ್ಲು ತಗೊಂಡು ಹೋಗಿ ಅವಳ ಕೈಗೇ ಇಟ್ರೆ..."

"ಕಲ್ಲು ಕೇಳಿದ್ಲಾ ಅವಳು? ನಿನ್ನನ್ನ ಕೇಳಿದ್ಲು ಕಣೋ ಕಲ್ಲುಗುಂಡು! ಆ ಕಲ್ಲು ಅಲ್ಲಿ ಲಕ್ಷಾಂತರ ವರ್ಷದಿಂದ ಬಿದ್ದಿದೆ, ಇನ್ನೊಂದು ವಾರ ಬಿದ್ದಿರತ್ತೆ. ದೆಸ್ಪಿನಾ ಬಿದ್ದಿರಲ್ಲ. ಹೋಗು, ಹಬ್ಬ ಮುಗಿಸ್ಕೊಂಡು ಬಾ. ಒಂದು ವಾರಕ್ಕೆಲ್ಲ ಯಾರೂ ಬೂಟು ಹಾಕಲ್ಲ."

ಮೀಸೆ ನೇವರಿಸುತ್ತ ನಿಂತ. ಆಮೇಲೆ ಬೆಕ್ಕಿಗೆ ಏನೇನು ಹಾಕಬೇಕೆಂದು ನನಗೆ ಹೇಳಲು ಶುರುಮಾಡಿದ. ಗೆದ್ದೆ ಅಂದುಕೊಂಡೆ.

ಮದುವೆಯ ಕೋಟು ಹಾಕಿಕೊಂಡು ಹೊರಟ. ಚೀಲ ಎತ್ತಿಕೊಟ್ಟಾಗ ಒಳಗೆ ಠಣ್ ಅಂತು, ಉಳಿ, ಸುತ್ತಿಗೆ. ಇದ್ಯಾಕೋ ಅಂದರೆ, "ಸುಮ್ನೆ ಇರ್ಲಿ" ಅಂದ. ಉಳಿ ಇಲ್ಲದೆ ಪ್ರಯಾಣವೆಂದರೆ ಅವನಿಗೆ ಪ್ಯಾಂಟಿಲ್ಲದೆ ಪ್ರಯಾಣ. ಅದನ್ನು ಅವತ್ತೇ ಕಿತ್ತು ಇಟ್ಟುಕೊಂಡಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು.

ಅಲ್ಲಿ ಆದದ್ದನ್ನು ದೆಸ್ಪಿನಾ ನನಗೆ ಫೋನಿನಲ್ಲಿ ಹೇಳಿದ್ದು. ತಾಕಿಸ್ ಹೇಳುವ ಕಥೆಯೂ ಒಂದಿದೆ, ಅದರಲ್ಲಿ ಗೋಡೆ ಮೊದಲೇ ಬಿರುಕು ಬಿಟ್ಟಿರುತ್ತದೆ. ನಾನು ದೆಸ್ಪಿನಾಳದ್ದನ್ನೇ ನಂಬುತ್ತೇನೆ.

ಬಂದ ಮೊದಲ ದಿನವೇ ಅವನಿಗೆ ನಿದ್ದೆಯಿಲ್ಲ. ಕೋಣೆಗೆ ಎರಡು ಕಿಟಕಿ. "ಇದೇನೇ ಇದು, ಬೀದೀಲಿ ಮಲಗಿದ ಹಾಗೆ!" ಅಂದು ಕಂಬಳಿ ತೂಗುಹಾಕಿದ. ಮರಗಳು ಗಾಳಿಗೆ ಸದ್ದು ಮಾಡಿದರೆ ಯಾರೋ ಬಂದರು ಎಂದು ಎದ್ದು ಕೂರುವುದು. ಬೆಳಕು ಹರಿಯುವ ಮೊದಲೇ ಹಕ್ಕಿಗಳ ಜಗಳ. ಮಂಚದ ಕೆಳಗೆ ಹಾಸಿಗೆ ಎಳೆದುಕೊಂಡು, ತಲೆಯ ಮೇಲೆ ಏನೋ ಒಂದು ಸೂರು ಗಟ್ಟಿಯಾಗಿದೆ ಅನ್ನಿಸಿದ ಮೇಲೇ ಗೊರಕೆ ಹೊಡೆದನಂತೆ. ಆದರೂ ಹಗಲು ಚೆನ್ನಾಗಿ ಕಳೆಯಿತು. ದೆಸ್ಪಿನಾ ಅವನನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋದಳು, ನೀರಿಗೆ ಕಾಲಿಳಿಸಿ ಕೂರಿಸಿದಳು. ಬೇಕರಿಯವಳಿಗೆ, ಚರ್ಚಿನ ಬಳಿ ಬೆಂಚಿನ ಮೇಲೆ ಕೂರುವ ಹೆಂಗಸರಿಗೆ ತೋರಿಸಿದಳು. ಒಬ್ಬಳು ಅಂದಳಂತೆ: "ಅಯ್ಯೋ, ನಿಜವಾಗ್ಲೂ ಗಂಡ ಇದಾನೇನೇ ನಿಂಗೆ? ನಾವು ನೀನು ಸುಮ್ನೆ ಹೇಳ್ತೀಯ ಅಂದ್ಕೊಂಡಿದ್ವಿ."

ಎಲ್ಲರೂ ನಕ್ಕರು. ತಾಕಿಸ್ ನಗಲಿಲ್ಲವಂತೆ.

ಹೊರಡುವ ದಿನ ಬಂತು. ಬಸ್ಸು ಸಂಜೆಗೆ. ದೆಸ್ಪಿನಾ ದಾರಿಗೆ ಬ್ರೆಡ್ಡು ತರಲು ಬೇಕರಿಗೆ ಹೋಗಿದ್ದಳು. ಅವನು ಕೋಣೆಯಲ್ಲಿ ಒಬ್ಬನೇ ಕೂತು ನೋಡಿದ. ಹೆಂಡತಿಯ ಬಾಚಣಿಗೆ, ಮಾತ್ರೆ ಸೀಸೆ, ಸಂತರ ಪಟ, ಹೊಲಿಗೆ ಡಬ್ಬಿ, ಎಲ್ಲವೂ ಒಂದೇ ಕುರ್ಚಿಯ ಮೇಲೆ ಒಂದರ ಮೇಲೊಂದು. ಇಷ್ಟು ಬೇಸಿಗೆ ಒಂದು ಗೂಡೂ ಇಲ್ಲದೆ ಇದ್ದಾಳಲ್ಲಾ ಅನ್ನಿಸಿತು. ಹೋಗುವ ಮುಂಚೆ ಇದೊಂದನ್ನಾದರೂ ಮಾಡಿಟ್ಟು ಹೋಗೋಣ ಅಂದುಕೊಂಡ. ಉಳಿ ತೆಗೆದ.

ನಮ್ಮೂರವನಲ್ಲದೆ ಬೇರೆ ಯಾವನೂ ಈ ತಪ್ಪು ಮಾಡಲಾರ. ನಮಗೆ ಗೋಡೆಯೆಂದರೆ ಇಡೀ ಗುಡ್ಡ. ಲಾಟ್ಸಿಯ ಮನೆ ಸಿಕ್ಕಿದ್ದೂ ಒಂದು ಪೂರ್ತಿ ಕೋಣೆ ಕೊರೆದ ಮೇಲೆ. ಒಂದು ಗೂಡು ತೆಗೆಯುವಷ್ಟರಲ್ಲಿ ಗೋಡೆಯೇ ಮುಗಿದುಹೋಗುತ್ತದೆ ಎಂದು ಯಾರಿಗೆ ಹೊಳೆದೀತು? ಅದೂ ಆ ಗೋಡೆ ಮಿಸೆಸ್ ಟ್ರೆಲೋರಳ ಅಜ್ಜನ ಕಾಲದ್ದು, ಕಲ್ಲುಗಳ ನಡುವೆ ಇದ್ದದ್ದು ಸುಣ್ಣದ ಗಾರೆಯ ನೆನಪು ಮಾತ್ರ. ಒಂದು ಕಲ್ಲು ಕಿತ್ತ. ಪಕ್ಕದ್ದು ತಾನೇ ಬಂತು. ಆಮೇಲೆ ಒಂದಾದ ಮೇಲೊಂದು ಎಲ್ಲವೂ ಬಂದವು.

ಗೋಡೆಯ ಆಚೆಗೆ ಅಡುಗೆಮನೆ. ಮಿಸೆಸ್ ಟ್ರೆಲೋರ್ ಮಧ್ಯಾಹ್ನದ ಚಹಾ ಕುಡಿಯುತ್ತ ಕೂತಿದ್ದಳು. ಎದುರಿನ ಬೀರು ಒಂದು ಸಲ ನಡುಗಿ ತಟ್ಟೆ ಬಟ್ಟಲುಗಳ ಸಮೇತ ಮುಂದಕ್ಕೆ ಬಗ್ಗಿ ಬಿತ್ತು. ಧೂಳು ಎದ್ದಿತು. ಧೂಳಿನೊಳಗಿಂದ ಒಂದು ಕೈ ಚಾಚಿಕೊಂಡು ಬಂತು.

"ನಮಸ್ಕಾರ," ಅಂದ ತಾಕಿಸ್, ಅಭ್ಯಾಸಬಲ ನೋಡಿ. "ಕಾಫಿ ಇದ್ಯಾ?"

ಆ ಹೆಂಗಸು ಕೂಗಲಿಲ್ಲ. ಬಟ್ಟಲನ್ನು ತಟ್ಟೆಯ ಮೇಲಿಟ್ಟು, "ಏನ್ರೀ ಇದು?" ಅಂದಳು. "ಇದು ನಮ್ಮಜ್ಜ ಕಟ್ಟಿದ ಗೋಡೆ ಕಣ್ರೀ. ಭೂಕಂಪಕ್ಕೂ ಬಿದ್ದಿರಲಿಲ್ಲ." ಅಷ್ಟರಲ್ಲಿ ಬ್ರೆಡ್ಡು ಹಿಡಿದುಕೊಂಡು ದೆಸ್ಪಿನಾ ಬಾಗಿಲಲ್ಲಿ ನಿಂತಿದ್ದಳು. ಮಿಸೆಸ್ ಟ್ರೆಲೋರ್ ಅವಳ ಕಡೆಗೇ ತಿರುಗಿ ಹೇಳಿದಳು: "ಈ ಗೋಡೆ ಮೊದಲಿದ್ದ ಹಾಗೇ ಆಗ್ಬೇಕು. ಆಗದಿದ್ರೆ, ಬೇಜಾರು ಮಾಡ್ಕೋಬೇಡಿ ದೆಸ್ಪಿನಾ, ಮುಂದಿನ ವರ್ಷ ಬೇರೆ ಕಡೆ ನೋಡ್ಕೊಳ್ಳಿ."

ದೆಸ್ಪಿನಾ ತಿರುಗಿ ಬಸ್ ನಿಲ್ದಾಣಕ್ಕೆ ನಡೆದುಬಿಟ್ಟಳು. ಕೈಯಲ್ಲಿ ಬ್ರೆಡ್ಡು ಹಾಗೇ ಇತ್ತು. ಇವನು ತಲೆಯಿಂದ ಕಾಲವರೆಗೆ ಸುಣ್ಣ ಮೆತ್ತಿಕೊಂಡು ಹಿಂದೆ ಓಡಿದ. ಬೆಂಚಿನ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಇವನು.

"ಇಡೀ ಲೋಕದಲ್ಲಿ ನಂಗೆ ಅಂತ ಇದ್ದಿದ್ದು ಅದೊಂದು ಕೋಣೆ," ಅಂದಳು ಅವಳು. "ಹತ್ತು ವರ್ಷ ಬರ್ಲಿಲ್ಲ. ಬಂದ್ಯಲ್ಲ, ಅದನ್ನೂ ಅಗೆದು ಹಾಕ್ದೆ. ಹೋಗು. ಬಸ್ಸು ಬರತ್ತೆ, ಹತ್ತು. ನಿನ್ನ ಗುಂಡಿ ಕಾಯ್ತಿದೆ."

"ಗುಂಡಿಗೋಸ್ಕರ ಅಲ್ಲ ನಾನು ಬರದೇ ಇದ್ದಿದ್ದು."

"ಮತ್ಯಾತಕ್ಕೆ?"

ಅವನು ಮೀಸೆಯ ಸುಣ್ಣ ಉದುರಿಸಿದನಂತೆ. "ಫೋನಲ್ಲಿ ನಿನ್ನ ದನಿ ಕೇಳ್ತಿದ್ದೆ," ಅಂದ. "ಪ್ಲಮ್ಮು ಅಂತೀಯ, ಹಳ್ಳ ಅಂತೀಯ, ನಗ್ತೀಯ. ನಮ್ಮನೇಲಿ ನೀನು ಹಾಗೆ ನಕ್ಕಿದ್ದು ನಾನು ನೋಡಿಲ್ಲ ದೆಸ್ಪಿನಾ. ಬಂದು ಅದನ್ನ ಕಣ್ಣಾರೆ ನೋಡ್ಬಿಟ್ರೆ, ಆಮೇಲೆ ಈಸ್ಟರ್‌ಗೆ ವಾಪಸ್ ಬಾ ಅಂತ ಯಾವ ಮುಖ ಇಟ್ಕೊಂಡು ಕರೀಲಿ ಅಂತ ಹೆದರಿಕೆ. ಅದಕ್ಕೇ ಬರ್ಲಿಲ್ಲ."

ಇದನ್ನು ದೆಸ್ಪಿನಾ ಫೋನಿನಲ್ಲಿ ಎರಡೆರಡು ಸಲ ಹೇಳಿದಳು. ನಾನು ಅಂಥದ್ದಕ್ಕೆಲ್ಲ ಅಳುವವಳಲ್ಲ. ಬೂಟಿನ ಹೆದರಿಕೆ ಎಂದು ಅವನು ಹೇಳಿಕೊಂಡು ತಿರುಗಿದ್ದನ್ನು ಇಡೀ ಊರು ನಂಬಿತ್ತು, ನಾನೂ ನಂಬಿದ್ದೆ. ದೂರದ ಬೆಟ್ಟ ನುಣ್ಣಗೆ ಎನ್ನುವುದನ್ನು ಕೇಳಿದ್ದೇನೆ. ಹತ್ತಿರ ಹೋದರೆ ಅದು ನಿಜವಾಗಿಯೂ ನುಣ್ಣಗಿದ್ದರೇನು ಗತಿ ಎಂದು ಹೆದರಿದವನನ್ನು ಕಂಡದ್ದು ಇವನೊಬ್ಬನನ್ನೇ.

ಬಸ್ಸು ಬಂತು. ಡ್ರೈವರು ಬಾಗಿಲು ತೆರೆದು ಕಾದ. ಇಬ್ಬರೂ ಏಳಲಿಲ್ಲ. ಅದು ಹೋದ ಮೇಲೆ ದೆಸ್ಪಿನಾ ಬ್ರೆಡ್ಡು ಮುರಿದು ಅರ್ಧ ಅವನಿಗೆ ಕೊಟ್ಟು ಅಂದಳಂತೆ: "ತಿನ್ನು. ತಿಂದು ಹೋಗಿ ಗೋಡೆ ಕಟ್ಟು."

ಕಟ್ಟುವುದೇನು ಸಾಮಾನ್ಯ ಕೆಲಸವೇ? ತಾಕಿಸನಿಗೆ ಕಲ್ಲು ಕೀಳಲು ಬರುತ್ತಿತ್ತು, ಇಡಲು ಗೊತ್ತಿರಲಿಲ್ಲ. ಎರಡು ಸಲ ಕಟ್ಟಿದ, ಎರಡು ಸಲವೂ ಗೋಡೆ ನಡುವೆ ಉಬ್ಬಿ ಹೊಟ್ಟೆ ಬಂತು. ಸಿಮೆಂಟು ಹಾಕೋಣವೆಂದರೆ ಮಿಸೆಸ್ ಟ್ರೆಲೋರ್ ಒಪ್ಪಲಿಲ್ಲ. ಅಜ್ಜನ ಗೋಡೆಗೆ ಸುಣ್ಣವೇ ಆಗಬೇಕು. ಸುಣ್ಣವನ್ನು ನೆನೆಹಾಕಬೇಕು, ಕಲಸಬೇಕು, ಒಂದು ಸಾಲು ಇಟ್ಟರೆ ಅದು ಗಟ್ಟಿಯಾಗುವವರೆಗೆ ಒದ್ದೆ ಗೋಣಿ ಹೊದಿಸಿ ಕಾಯಬೇಕು. ಆ ಮುದುಕಿ ಕುರ್ಚಿ ಹಾಕಿಕೊಂಡು ಎದುರಿಗೇ ಕೂತು, "ಆ ಕಲ್ಲು ಅಲ್ಲಲ್ಲ, ಅದರ ಮುಖ ಈ ಕಡೆ" ಎಂದು ಹೇಳಿಕೊಡುತ್ತಿದ್ದಳಂತೆ. ಜನವರಿ ಅರ್ಧವಾಯಿತು. ಇಲ್ಲಿ ಬಿಸಿಲಿಗೆ ಲಾರಿಯ ಬಾಗಿಲು ಮುಟ್ಟಲಾಗುತ್ತಿರಲಿಲ್ಲ. ಪಾಷಾ ನನ್ನ ಮನೆಯಲ್ಲೇ ಬಿಡಾರ ಹೂಡಿ, ನಾನು ಹಾಕಿದ್ದಕ್ಕೆಲ್ಲ ಮೂಗು ಮುರಿಯುತ್ತಿತ್ತು.

ನಾನು ದಿನವೂ ತಾಕಿಸನ ಗುಂಡಿಯ ಪಕ್ಕದಿಂದ ಲಾರಿ ಓಡಿಸುತ್ತಿದ್ದೆ. ಒಂದು ಗುರುವಾರ ಬೆಳಿಗ್ಗೆ ನೋಡುತ್ತೇನೆ, ಮುಂದಿನ ಗೂಟಕ್ಕೆ ಬೂಟು ನೇತಾಡುತ್ತಿದೆ. ಯಾರದು ಎಂದು ಕೇಳಬೇಕಾಗಿರಲಿಲ್ಲ, ಹಿಮ್ಮಡಿಗೆ ಟೈರಿನ ತುಂಡು ಹೊಡೆದ ಬೂಟು ಊರಿಗೆಲ್ಲ ಒಂದೇ. ಲಾರಿಯನ್ನು ನೇರ ಲಾಟ್ಸಿಯ ಮನೆಗೆ ಬಿಟ್ಟೆ.

"ನಾಚಿಕೆ ಆಗಲ್ವೇನೋ ನಿಂಗೆ? ಒಂದೇ ತೂತಲ್ಲಿ ಉಪ್ಪು ಈಸ್ಕೊಂಡು ತಿಂದೋನು!"

ಲಾಟ್ಸಿ ಕಣ್ಣೆತ್ತಿ ನೋಡಲಿಲ್ಲ. "ನಾನು ಹಾಕ್ದೇ ಇದ್ದಿದ್ರೆ ನಾಳೆ ಇನ್ಯಾರಾದ್ರೂ ಹಾಕ್ತಿದ್ರು ಬೆರಿಲ್. ಅವನಿಗೆ ಬಣ್ಣ ಕಂಡಿದೆ ಅಂತ ಊರಿಗೆಲ್ಲ ಗೊತ್ತು. ನಿನ್ನೆ ಕ್ಲಬ್ಬಲ್ಲಿ ಇಬ್ಬರು ಬೂಟಿನ ಮಾತೇ ಆಡ್ತಿದ್ರು."

"ಅದಕ್ಕೆ ನೀನೇ ಮುಂಚೆ ಓಡಿದ್ಯಾ!"

"ಹೂಂ, ಓಡ್ದೆ. ಮೂರು ಮಕ್ಕಳಿದಾವೆ ನಂಗೆ, ನನ್ನ ಗುಂಡೀಲಿ ಎರಡು ವರ್ಷದಿಂದ ಏನೂ ಇಲ್ಲ. ಬಂದು ತೆಗೆದುಬಿಡ್ಲಿ. ದೇವ್ರಾಣೆ, ಅವನು ಬಂದು ತೆಗೆದ್ರೆ ನಂಗೆ ಸಂತೋಷಾನೇ. ಫೋನ್ ಮಾಡು ಹೋಗು. ಸಂಜೆ ಬಸ್ ಹತ್ತಿದ್ರೆ ನಾಳೆ ಮಧ್ಯಾಹ್ನಕ್ಕೆ ಇಲ್ಲಿರ್ತಾನೆ."

ವಾಪಸ್ಸು ಬರುವಾಗ ಗೂಟದ ಹತ್ತಿರ ಲಾರಿ ನಿಲ್ಲಿಸಿ ಇಳಿದೆ. ಆ ಬೂಟನ್ನು ಕಿತ್ತು ಮರುಭೂಮಿಯ ಆಚೆ ತುದಿಗೆ ಎಸೆಯಬೇಕು ಅನ್ನಿಸಿತು. ಆದರೆ ಬೇರೆಯವರು ಮುಟ್ಟಿದರೆ ಆ ಕ್ಷಣವೇ ತಾಕಿಸ್ ಜಾಗ ಕೈಬಿಟ್ಟ ಹಾಗೆ. ಮುಟ್ಟಲಿಲ್ಲ. ಕ್ಲಬ್ಬಿಗೆ ಹೋಗಿ ಫೋನು ಮಾಡಿದೆ.

ಎತ್ತಿದ್ದು ಮಿಸೆಸ್ ಟ್ರೆಲೋರ್. ತಾಕಿಸ್ ಇದ್ದಾನೆಯೇ ಎಂದು ಕೇಳಿದೆ. "ನಮ್ಮ ಗಾರೆಯವರಾ? ಇರಿ, ಕರೀತೀನಿ," ಅಂದಳು. ಫೋನು ಅಡುಗೆಮನೆಯಲ್ಲೇ ಇತ್ತು, ಮುರಿದ ಗೋಡೆಯ ಪಕ್ಕದಲ್ಲೇ. ಹಿಂದೆ ದೆಸ್ಪಿನಾ ಏನೋ ಹೇಳುತ್ತಿದ್ದಳು, ಗುದ್ದಲಿಯಲ್ಲಿ ಗಾರೆ ಮಗುಚುವ ಸದ್ದು ಬರುತ್ತಿತ್ತು. ಆಮೇಲೆ ಅವಳು ನಕ್ಕಳು. ತಾಕಿಸ್ ಹೇಳಿದ್ದ ನಗು ಅದೇ ಇರಬೇಕು. ನಾನೂ ಅದನ್ನು ಮೊದಲ ಸಲ ಕೇಳಿದೆ.

"ನೀರಿನ ರಾಣಿ!" ಅಂದ ತಾಕಿಸ್. "ಪಾಷಾ ಹೇಗಿದಾನೆ?"

"ಪಾಷಾ ಹಾಳಾಗ್ಲಿ. ನಿನ್ನ ಗೂಟಕ್ಕೆ ಬೂಟು ಬಿದ್ದಿದೆ. ಇವತ್ತು ಸಂಜೆ ಬಸ್ ಹತ್ತು, ಒಂದು ಮಾತೂ ಆಡ್ಬೇಡ. ನಾಳೆ ಬಂದು ತೆಗ್ದು ಬಿಸಾಕಿ, ನ್ಯಾಯವಾಗಿ ಎರಡು ದಿನ ಅಗೆದು, ಬೇಕಾದ್ರೆ ಮತ್ತೆ ಹೋಗು."

"ಯಾರು ಹಾಕಿದ್ದು?"

"ಲಾಟ್ಸಿ."

"ಅವನಾ? ಒಳ್ಳೇದಾಯ್ತು. ಬೇರೆಯವರಾಗಿದ್ರೆ ಬೇಜಾರಾಗ್ತಿತ್ತು."

"ತಾಕಿಸ್! ಬಣ್ಣ ಕಾಣ್ತಿದೆ ಅಂತ ಕುಣಿದೋನು ನೀನೇ ಅಲ್ವೇನೋ? ಒಂದು ಜೀವಮಾನ ಅಗೆದಿದೀಯ ಮಾರಾಯ ಅದಕ್ಕೋಸ್ಕರ!"

"ಅಗೆದಿದೀನಿ." ದನಿ ತಗ್ಗಿಸಿದ. ತಾಕಿಸನಿಗೆ ದನಿ ತಗ್ಗಿಸಲು ಬರುತ್ತದೆಂದು ನನಗೆ ಅವತ್ತೇ ಗೊತ್ತಾಗಿದ್ದು. "ಕೇಳು ಬೆರಿಲ್. ನೆತ್ತಿ ಸಾಲು, ಮೇಲಿನ ಕಡೇದು, ಇವತ್ತು ಇಡ್ತಿದೀವಿ. ಬಿಟ್ಟು ಬಂದ್ರೆ ಮತ್ತೆ ಹೊಟ್ಟೆ ಬರತ್ತೆ. ಅವಳು ಗಾರೆ ಕಲಸ್ತಾಳೆ, ನಾನು ಕಲ್ಲಿಡ್ತೀನಿ. ಮದುವೆಯಾದಾಗ್ಲಿಂದ ನಾವಿಬ್ರೂ ಕೂಡಿ ಮಾಡಿದ ಕೆಲಸ ಇದೊಂದೇ ಕಣೇ. ಬೆಳಗ್ಗೆಯಿಂದ ನನ್ನನ್ನ ಬೈತಾ ಇದಾಳೆ. ಎಷ್ಟು ಚೆನ್ನಾಗಿ ಬೈತಾಳೆ ಗೊತ್ತಾ?"

"ಅವಳಿಗೆ ಫೋನ್ ಕೊಡು. ಅವಳೇ ಹೇಳ್ತಾಳೆ ಹೋಗು ಅಂತ."

"ಹೇಳ್ತಾಳೆ. ಅದಕ್ಕೇ ಕೊಡಲ್ಲ."

ಆಮೇಲೆ ಅವನೇ ಮುಂದುವರಿಸಿದ, ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ.

"ಲಾಟ್ಸಿಗೆ ಹೇಳು, ಒಳಗೆ ಇಳಿಯೋವಾಗ ಏಣೀದು ಮೂರನೇ ಮೆಟ್ಟಿಲು ಸಡಿಲ ಇದೆ. ಬಲಗಾಲು ಅದರ ಮೇಲೆ ಇಡಬಾರ್ದು. ಎಳೆ ಇರೋದು ಎಡಗಡೆ ಗೋಡೇಲಿ, ಮೊಣಕಾಲೆತ್ತರಕ್ಕೆ. ಮೆಷಿನ್ ಹಾಕಿದ್ರೆ ಒಡೆದುಹೋಗತ್ತೆ. ಕೈಯಲ್ಲೇ ಬಿಡಿಸ್ಲಿ."

ಹಿಂದಿನಿಂದ ದೆಸ್ಪಿನಾ ಕೂಗಿದಳು. "ಯಾರದು?"

"ಬೆರಿಲ್!" ಅಂದ ಅವನು, ಮತ್ತೆ ತನ್ನ ಎಂದಿನ ದನಿಯಲ್ಲಿ. "ಅಲ್ಲಿ ಬಿಸಿಲು ಜಾಸ್ತಿಯಂತೆ!"

"ಅದನ್ನ ಹೇಳಕ್ಕೆ ಫೋನ್ ಮಾಡ್ಬೇಕಿತ್ತಾ? ಬಾ ಬೇಗ, ಗಾರೆ ಗಟ್ಟಿಯಾಗ್ತಿದೆ."

"ಬಂದೆ," ಅಂದು ಫೋನಿಟ್ಟ.

ಮಾರನೇ ದಿನ ನಾನು ಸುತ್ತು ಬೇಗ ಮುಗಿಸಿ ಗುಂಡಿಯ ಹತ್ತಿರ ಹೋದೆ. ಲಾಟ್ಸಿ ಆಗಲೇ ಬಂದು ಮಣ್ಣಿನ ಗುಡ್ಡೆಯ ನೆರಳಲ್ಲಿ ಕೂತಿದ್ದ. ಬಸ್ಸು ಬರುವ ರಸ್ತೆಯ ಕಡೆಗೇ ಅವನ ಕಣ್ಣು. ಸೂರ್ಯ ಕೆಳಗಿಳಿದು, ಬೂಟಿನ ನೆರಳು ಉದ್ದವಾಗಿ, ಆಮೇಲೆ ನೆರಳೇ ಇಲ್ಲವಾಯಿತು. ಜಾಗ ಈಗ ಲಾಟ್ಸಿಯದು, ಆದರೂ ಅವನು ಎದ್ದು ಹೋಗಿ ತನ್ನ ಬೂಟು ಬಿಚ್ಚಿಕೊಳ್ಳಲಿಲ್ಲ. ನಾನು ಏಣಿಯ ಮೆಟ್ಟಿಲು, ಎಡಗಡೆಯ ಗೋಡೆ, ಕೈಯಲ್ಲೇ ಬಿಡಿಸಬೇಕು ಎಂಬುದು, ಎಲ್ಲವನ್ನೂ ಹೇಳಿದೆ. ಲಾಟ್ಸಿ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಹುಷಾರಿಲ್ವಾ ಅವನಿಗೆ?" ಅಂದ. "ಇಂಥಾ ಹೊತ್ತಲ್ಲೂ ಬರ್ಲಿಲ್ಲ ಅಂದ್ರೆ, ಏನಾಗಿದೆ?"

"ಏನೂ ಆಗಿಲ್ಲ," ಎಂದೆ. "ಹೆಂಡತಿ ಜೊತೆ ಇದಾನೆ."